ಬಾಗಿಲಲ್ಲಿ ಜ್ವರ ನೋಡಲು ಗನ್ ಸಾಕಾ, ಥರ್ಮಲ್ ಕ್ಯಾಮೆರಾ ಬೇಕಾ?

ದಿನಾ 200 ಜನ ಬರುವ ಬಾಗಿಲಲ್ಲಿ ಗನ್ ಥರ್ಮಾಮೀಟರ್ ಇಡಲಾ, ಥರ್ಮಲ್ ಕ್ಯಾಮೆರಾ ಹಾಕಿಸಲಾ ಅಂತ ಕೇಳಿದ್ದೀರಿ. 2020ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ಒಂದು ಕಾರ್ಖಾನೆಯ ಆಡಳಿತ ವಿಭಾಗದಲ್ಲಿದ್ದೆ. ಹದಿನೈದು ದಿನ ಹೋಲಿಸಿ ನೋಡಿ ಮೂರು ಗನ್ ತರಿಸಿದೆ. ಗನ್ ಚೆನ್ನಾಗಿಯೇ ಇದ್ದವು. ತಪ್ಪು ನನ್ನದು.

ಈ ಗನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮೋಡ್ ಇರುತ್ತವೆ. ಸರ್ಫೇಸ್ ಮೋಡ್ ಎದುರಿಗಿರುವ ವಸ್ತುವಿನ ಮೇಲ್ಮೈ ಎಷ್ಟು ಬಿಸಿ ಇದೆಯೋ ಅಷ್ಟನ್ನೇ ತೋರಿಸುತ್ತದೆ. ಹಾಲಿನ ಬಾಟಲಿಗೋ ನೀರಿಗೋ ಅದು ಸರಿ. ಬಾಡಿ ಮೋಡ್ ಹಣೆಯ ಬಿಸಿ ಅಳೆದು, ಮೈಯೊಳಗೆ ಎಷ್ಟಿರಬಹುದು ಅಂತ ಲೆಕ್ಕ ಹಾಕಿ ಹೇಳುತ್ತದೆ. ಹಣೆಯ ಚರ್ಮ ಮೈಯೊಳಗಿಗಿಂತ ತಣ್ಣಗಿರುತ್ತದೆ ಅಲ್ವಾ, ಅದಕ್ಕೇ ಈ ಲೆಕ್ಕ ಬೇಕು. ನಮ್ಮ ಒಂದು ಗನ್ ಯಾವಾಗಲೋ ಸರ್ಫೇಸ್ ಮೋಡ್‌ಗೆ ಹೋಗಿತ್ತು. ಸೆಲ್ ಬದಲಿಸುವಾಗ ಗುಂಡಿ ಒತ್ತಿಹೋಯಿತೋ ಏನೋ.

ಮೂರು ವಾರ ಆ ಗನ್‌ನ ರಿಜಿಸ್ಟರ್‌ನಲ್ಲಿ 34.2, 34.6, 33.9 ಡಿಗ್ರಿ ಸೆಲ್ಸಿಯಸ್ ಅಂತ ಬರೆದುಕೊಂಡು ಹೋದರು. ದಿನಾ ಸಂಜೆ ನಾನೇ ಸಹಿ ಹಾಕುತ್ತಿದ್ದೆ. 38 ದಾಟಿದವರು ಯಾರೂ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಮೈಯೊಳಗಿನ ಉಷ್ಣತೆ 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ನಡೆದುಕೊಂಡು ಕೆಲಸಕ್ಕೆ ಬರುವ ಅಷ್ಟೂ ಜನಕ್ಕೆ 34 ಇರಲು ಸಾಧ್ಯವೇ ಇಲ್ಲ. ನಾನು 38 ದಾಟಿದ್ದನ್ನಷ್ಟೇ ಹುಡುಕುತ್ತಿದ್ದೆ, ಉಳಿದ ಅಂಕಿಗಳನ್ನು ಓದಲೇ ಇಲ್ಲ.

ಒಂದು ದಿನ ಮಧ್ಯಾಹ್ನ ಪ್ಯಾಕಿಂಗ್‌ನ ಹುಡುಗನೊಬ್ಬ ನಡುಗುತ್ತಾ ಕೂತುಬಿಟ್ಟ. ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ನಾಲಿಗೆ ಕೆಳಗೆ ಇಟ್ಟರೆ 39.1. ಓಡಿಹೋಗಿ ರಿಜಿಸ್ಟರ್ ನೋಡಿದೆ. ಬೆಳಿಗ್ಗೆ ಅವನದು 36.4 ಇತ್ತು. ಆ ಇಡೀ ಪುಟದಲ್ಲಿ ಸರಿಯಾಗಿ ಕಾಣುತ್ತಿದ್ದ ಅಂಕಿ ಅದೊಂದೇ! ಉಳಿದವರಿಗಿಂತ ಎರಡು ಡಿಗ್ರಿ ಜಾಸ್ತಿ ಅಂತ ಗನ್ ಹೇಳಿತ್ತು. ನಾವು ಅದನ್ನು ನಾರ್ಮಲ್ ಅಂದುಕೊಂಡೆವು. ಆ ವಾರವೇ ಅವನ ಪಕ್ಕ ನಿಲ್ಲುತ್ತಿದ್ದ ಮೂವರು ಮಲಗಿದರು. ಅದರಲ್ಲಿ ಒಬ್ಬರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದರು. ಎಲ್ಲರೂ ಹುಷಾರಾಗುವವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಾಗಿ ಗನ್ನೋ ಕ್ಯಾಮೆರಾನೋ ಅನ್ನುವುದನ್ನು ಆಮೇಲೆ ನೋಡಿ. ಮೊದಲು ನಾಲಿಗೆ ಕೆಳಗೆ ಇಡುವ ನಾಲ್ಕು ಥರ್ಮಾಮೀಟರ್ ತಗೊಳ್ಳಿ. ಬಾಗಿಲಲ್ಲಿ ಅಂಕಿ ಓದಿ ಅರ್ಥಮಾಡಿಕೊಳ್ಳುವ ಒಬ್ಬರನ್ನು ನಿಲ್ಲಿಸಿ.

ಕ್ಯಾಮೆರಾ ಹಾಕಿದರೆ ಗುಂಪು ಗುಂಪಾಗಿ ಬಿಡಬಹುದು ಅಂದುಕೊಂಡಿದ್ದರೆ ಆ ಆಸೆ ಬಿಡಿ. ಸರಿಯಾದ ಅಳತೆಗೆ ಒಬ್ಬೊಬ್ಬರೇ ನಿಲ್ಲಬೇಕು, ಕನ್ನಡಕ ತೆಗೆಯಬೇಕು, ಕ್ಯಾಮೆರಾ ಕಣ್ಣಿನ ಒಳಮೂಲೆಯನ್ನು ನೋಡಬೇಕು. ಕೋಣೆ 20ರಿಂದ 24 ಡಿಗ್ರಿಯಲ್ಲಿರಬೇಕು, ಬಿಸಿಲು ಗಾಳಿ ಬೀಳಬಾರದು. ಗೊತ್ತಿರುವ ಉಷ್ಣತೆಯಲ್ಲಿ ನಿಂತು ಕ್ಯಾಮೆರಾಗೆ ಅಳತೆಗೋಲಾಗುವ ಬ್ಲ್ಯಾಕ್‌ಬಾಡಿ ಅನ್ನುವ ಸಾಧನವೂ ಜೊತೆಗಿದ್ದರೆ ಒಳ್ಳೆಯದು. ಅದಿಲ್ಲದ ಕ್ಯಾಮೆರಾವನ್ನು ನಾನಂತೂ ತಗೊಳ್ಳಲ್ಲ. ನೀವು ಹೇಳಿದ 200 ಜನಕ್ಕೆ ಎರಡು ಗನ್ ಸಾಕು ಅನ್ನುತ್ತೇನೆ. ಮೋಡ್ ಗುಂಡಿ ಸುಲಭಕ್ಕೆ ಕೈಗೆ ಸಿಗದಂಥದ್ದನ್ನೇ ಹುಡುಕಿ.

ಗನ್ ಅನ್ನು ಬಯಲು ಗೇಟಲ್ಲಿ ಇಡಬೇಡಿ. ಬಿಸಿಲಲ್ಲಿ ನಡೆದು ಬಂದ ಹಣೆ, ಬೆವರು ಆರುತ್ತಿರುವ ಹಣೆ ಎರಡೂ ತಪ್ಪು ಹೇಳುತ್ತವೆ. ಜನ ಒಳಗೆ ಬಂದು ಹದಿನೈದು ನಿಮಿಷ ಕೂತ ಮೇಲೆ ನೋಡಿ. ಗನ್ ಕೂಡ ಅದೇ ಕೋಣೆಯಲ್ಲಿ ಅರ್ಧ ಗಂಟೆ ಮೊದಲೇ ಇರಲಿ. ಜ್ವರದ ಮಾತ್ರೆ ನುಂಗಿ ಬಂದವರನ್ನು ಯಾವ ಯಂತ್ರವೂ ಹಿಡಿಯಲ್ಲ, ಜ್ವರವೇ ಬಾರದ ಸೋಂಕನ್ನೂ ಹಿಡಿಯಲ್ಲ. ಹುಷಾರಿಲ್ಲದವರಿಗೆ ಸಂಬಳ ಕತ್ತರಿಸದೆ ರಜೆ ಕೊಡಿಸಲು ಸಾಧ್ಯವಾದರೆ ಮೊದಲು ಅದನ್ನು ಮಾಡಿಸಿ. ನಮ್ಮ ಹುಡುಗ ದಿನದ ಕೂಲಿ ಹೋಗುತ್ತದೆ ಅಂತಲೇ ಬಂದಿದ್ದ.

ಗನ್ ಬಂದ ದಿನವೇ ಹತ್ತು ಜನರನ್ನು ಕೂರಿಸಿ ಹಣೆಗೊಮ್ಮೆ, ನಾಲಿಗೆ ಕೆಳಗೊಮ್ಮೆ ನೋಡಿ ಪಕ್ಕಪಕ್ಕ ಬರೆದುಕೊಳ್ಳಿ. ಮತ್ತೆ ಮತ್ತೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೋಡ್ ನೋಡಿ. ಮೋಡ್ ಸರಿ ಇದ್ದೂ ಹಾಗೇ ಬಂದರೆ ವಾಪಸ್ ಕಳಿಸಿ.