ಕುಡಿಯೋದು ಅವರು, ನಾನ್ಯಾಕೆ ಹೋಗಲಿ?

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ.

ನಿಮ್ಮ ನಾಲ್ಕು ಪುಟದ ಕಾಗದವನ್ನು ಎರಡು ಸಲ ಓದಿದೆ. ಯಜಮಾನರ 12 ವರ್ಷದ ಕುಡಿತ. ಸಂಬಳದ ದಿನ ನೀವು ಬಾಗಿಲಲ್ಲೇ ಕಾಯುವುದು. ಮಾರನೇ ದಿನ ಅವರ ಆಫೀಸಿಗೆ ಫೋನ್ ಮಾಡಿ ‘ಜ್ವರ’ ಎಂದು ಸುಳ್ಳು ಹೇಳುವುದು. ‘ಹೆಂಡತಿ ನೆಟ್ಟಗಿದ್ದರೆ ಗಂಡ ಯಾಕೆ ಕುಡೀತಾನೆ’ ಎಂಬ ಅತ್ತೆಯ ಮಾತು. ನಿಮ್ಮ ಬಗ್ಗೆ ಇರುವುದು ಒಂದೇ ಸಾಲು: ‘ರಾತ್ರಿ ನಿದ್ದೆ ಬರೋದಿಲ್ಲ.’ ಕೌನ್ಸೆಲಿಂಗ್‌ಗೆ ಹೋಗು ಎಂದು ಗೆಳತಿ ಹೇಳಿದಾಗ ‘ಕುಡಿಯೋದು ಅವರು, ನಾನ್ಯಾಕೆ ಹೋಗಲಿ?’ ಎಂದು ಸಿಟ್ಟು ಬಂತಂತೆ. ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕುವ ಔಷಧಿ ಇದೆಯಾ ಎಂದೂ ಕೇಳಿದ್ದೀರಿ.

ಮೊದಲು ಆ ಔಷಧಿಯ ಮಾತು. ದಯವಿಟ್ಟು ಹಾಕಬೇಡಿ. ಜಾಹೀರಾತಿನ ಪುಡಿಗಳಲ್ಲಿ ಏನಿರುತ್ತದೋ ಹೇಳಲಾಗದು. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ನಿಜಕ್ಕೂ ಇದೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಬಿ.ಪಿ. ಕುಸಿದು ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಕುಡಿಯುವವರು ತಿಳಿದು, ಒಪ್ಪಿ, ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಇನ್ನೊಂದು ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ದೀಪಾವಳಿಯಲ್ಲಿ ಅವರು ಎರಡು ದಿನ ಬಿಟ್ಟಾಗ ಕೈ ನಡುಗಿ, ಗೋಡೆ ಮೇಲೆ ಹುಳ ಹರಿದ ಹಾಗೆ ಕಂಡಿತು ಎಂದಿದ್ದೀರಲ್ಲ, ಅದು ಇದೇ. ಮತ್ತೆ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಮಾತು. ನಮ್ಮಪ್ಪನೂ ಕುಡಿಯುತ್ತಿದ್ದರು. ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅಮ್ಮನಿಗೆ ಅವತ್ತಿನ ಲೆಕ್ಕ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಸ್ಟ್ಯಾಂಡ್ ನಿಂತರೆ ಅನ್ನ ಬಡಿಸುತ್ತಿದ್ದರು. ಎರಡು ಮೂರು ಸಲ ಕಿರ್ ಎಂದರೆ ನಮ್ಮನ್ನು ಒಳಕೋಣೆಗೆ ಕಳಿಸುತ್ತಿದ್ದರು. ಅಪ್ಪ ಕುಡಿತ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಆ ಸದ್ದಿಗೆ ಅಮ್ಮನ ಕೈಯಲ್ಲಿದ್ದ ಸೌಟು ನಿಂತುಬಿಡುತ್ತಿತ್ತು. ಅಪ್ಪನಿಗೆ ಚಿಕಿತ್ಸೆ ಆಯಿತು. ಅಮ್ಮನಿಗೆ ಏನಾಗಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಶುರು ಮಾಡಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. ಕುಡಿತ ಬಿಟ್ಟ ಮೇಲೆ ಒಂದು ದಿನ ಮೀಟಿಂಗಿಗೆ ಹೊರಡೋಣ ಎಂದಾಗ ಹೆಂಡತಿ ಲೋಯಿಸ್ ಗಂಡನತ್ತ ಶೂ ಎಸೆದರು. ಗಂಡ ಸರಿಹೋದರೂ ತನ್ನೊಳಗಿನ ಸಿಟ್ಟು ಹಾಗೇ ಇದೆ ಎಂದು ಅವರಿಗೆ ತಿಳಿದದ್ದು ಆಗಲೇ. ಮುಂದೆ 1951ರಲ್ಲಿ ಕುಟುಂಬದವರಿಗಾಗಿಯೇ ಅಲ್-ಅನಾನ್ ಗುಂಪುಗಳನ್ನು ಕಟ್ಟಿದರು. ಈ ಗುಂಪುಗಳು ಭಾರತದಲ್ಲೂ ಇವೆ.

‘ಅವರು ಬರದೆ ನಾನೊಬ್ಬಳೇ ಹೋಗಿ ಏನು ಬಂತು?’ ಅನ್ನಬಹುದು. ಅವರು ಕುಡಿಯದ ಹೊತ್ತಲ್ಲಿ ಜೊತೆಗೆ ಕೂತು ಮಾತಾಡುವುದು, ಕುಡಿದು ಬಂದಾಗ ವಾದಕ್ಕಿಳಿಯದೆ ಸರಿಯುವುದು, ಅವರ ಪರವಾಗಿ ಸುಳ್ಳು ಹೇಳದಿರುವುದು, ತಮ್ಮ ಬದುಕನ್ನೂ ನೋಡಿಕೊಳ್ಳುವುದು. ಇಂಥದ್ದನ್ನೇ ಮನೆಯವರಿಗೆ ಕಲಿಸಿ ನೋಡಿದ ಒಂದು ಅಧ್ಯಯನ ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾಯಿತು. ಹಾಗೆ ಕಲಿತವರ ಮನೆಗಳಲ್ಲಿ 100ಕ್ಕೆ 64ರಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದರು. ನಿಮ್ಮವರೂ ಬಂದೇ ಬರುತ್ತಾರೆ ಎಂದು ನಾನು ಮಾತು ಕೊಡಲಾರೆ. ಬರದಿದ್ದರೂ ನಿಮಗೆ ನಿದ್ದೆ ಬೇಕು ಅಲ್ವಾ?

14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ಮನೆ ಖಾಲಿ ಇರುವಾಗ ಮಾಡಿ. ‘ನನ್ನ ಗಂಡ ಕುಡೀತಾರೆ, ನನಗೆ ನಿದ್ದೆ ಇಲ್ಲ’ ಎಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ವ್ಯಸನ ಬಿಡಿಸುವ ಸಹಾಯವಾಣಿ 14446. ಎದುರಿಗೆ ಕೂತು ಮಾತಾಡಬೇಕು ಅನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಅವರು ಕೈ ಮಾಡಿದ್ದು ‘ಒಂದೆರಡು ಸಲ ಮಾತ್ರ’ ಎಂದು ಬರೆದು, ಆಮೇಲೆ ಆ ಸಾಲಿನ ಮೇಲೆ ಗೀಟು ಎಳೆದಿದ್ದೀರಿ. ನನಗೆ ಓದಲು ಆಯಿತು. ಮತ್ತೆ ಹಾಗಾದರೆ 112, ಇಲ್ಲವೇ ಮಹಿಳಾ ಸಹಾಯವಾಣಿ 181. ಅದನ್ನು ಸಹಿಸಿಕೊಳ್ಳಿ ಎಂದು ಯಾವ ಒಳ್ಳೆಯ ಕೌನ್ಸೆಲರೂ ಹೇಳುವುದಿಲ್ಲ.

ಮಗಳು ಈ ಸಲ ಎಸ್ಸೆಸ್ಸೆಲ್ಸಿ ಅಂತ ಕೊನೆಯಲ್ಲಿ ಬರೆದಿದ್ದೀರಿ. ಗೇಟಿನ ಸದ್ದಿಗೆ ಅವಳೂ ಕಿವಿ ಕೊಡುತ್ತಿರುತ್ತಾಳೆ. ಅವಳ ವಯಸ್ಸಿನಲ್ಲಿ ನಾನು, ಮಾರ್ಕ್ಸ್ ಕಡಿಮೆ ಬಂದಿದ್ದಕ್ಕೇ ಅಪ್ಪ ಕುಡಿಯೋದು ಅಂದುಕೊಂಡಿದ್ದೆ. ಅದು ನಿನ್ನಿಂದ ಅಲ್ಲ ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಿ.