ಸೀಲ್ ಹೊಸದು, ಸೋರಿಕೆ ಹಳೆಯದೇ

ಪ್ರಶ್ನೆ: ನನ್ನದು 2008ರ ಮಾಡೆಲಿನ ಆರು ಚಕ್ರದ ಲಾರಿ. ಬದಿಯಡ್ಕ, ಪೆರ್ಲ ಕಡೆ ಮುರಕಲ್ಲು ಸಾಗಿಸುತ್ತೇನೆ. ಪವರ್ ಸ್ಟೇರಿಂಗ್ ಬಾಕ್ಸಿನಿಂದ ಆಯಿಲ್ ಸೋರುತ್ತದೆ. ಒಂದು ವರ್ಷದಲ್ಲಿ ಎರಡು ಸಲ ಕೆಳಗಿನ ಸೀಲ್ ಹಾಕಿಸಿದೆ. ಎರಡು ತಿಂಗಳು ಸರಿ ಇರುತ್ತದೆ, ಆಮೇಲೆ ಅದೇ ಕತೆ. ಈಗ ವಾರಕ್ಕೆ ಅರ್ಧ ಲೀಟರ್ ಆಯಿಲ್ ಬೇಕು. ಗ್ಯಾರೇಜಿನವರು ಬಾಕ್ಸೇ ಬದಲಿಸಿ ಅನ್ನುತ್ತಾರೆ. ಬೇರೆ ದಾರಿ ಇಲ್ವಾ?
– ಓದುಗರು, ಬದಿಯಡ್ಕ

ಉತ್ತರ: ಬಾಕ್ಸ್ ಬದಲಿಸುವ ಮಾತು ಆಮೇಲೆ. ಕೆಳಗಿನ ಸೀಲ್ ಅಂದರೆ ಶಾಫ್ಟ್ ಬಾಕ್ಸಿನಿಂದ ಹೊರಗೆ ಬರುವಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ. ಎರಡು ಸಲ ಅದನ್ನು ಬಿಚ್ಚಿದಾಗ ಒಳಗಿನ ಶಾಫ್ಟನ್ನು ಯಾರಾದರೂ ಒರೆಸಿ, ಬೆರಳಾಡಿಸಿ ನೋಡಿದ್ದಾರಾ? ನೋಡಿರಲಿಕ್ಕಿಲ್ಲ. ಸರಿಯಾದ ಸೀಲ್ ಎರಡೇ ತಿಂಗಳಿಗೆ ಹೋಗುವುದಿಲ್ಲ ಮಾರಾಯ್ರೆ. ಅದನ್ನು ಯಾವುದೋ ತಿನ್ನುತ್ತಿದೆ.

ಮೊದಲು, ಸೋರುತ್ತಿರುವುದು ನಿಜವಾಗಿ ಕೆಳಗಿನ ಸೀಲೇ ಹೌದಾ ನೋಡಿಕೊಳ್ಳಿ. ಬಾಕ್ಸಿನ ಮೇಲ್ತುದಿಯಲ್ಲಿ, ಸ್ಟೇರಿಂಗ್ ರಾಡ್ ಬಂದು ಸೇರುವಲ್ಲಿ ಒಂದು ಸೀಲ್ ಇದೆ. ಪಂಪಿನಿಂದ ಬರುವ ಹೋಸ್, ಸ್ಟೇರಿಂಗ್ ಆಯಿಲ್ ಟ್ಯಾಂಕಿಗೆ ಹೋಗುವ ಹೋಸ್, ಎರಡರ ಜಾಯಿಂಟೂ ಸೋರಬಹುದು. ಬದಿಯ ಮುಚ್ಚಳಕ್ಕೆ ಓ ರಿಂಗ್ ಇದೆ. ಇವುಗಳಲ್ಲಿ ಯಾವುದು ಸೋರಿದರೂ ಆಯಿಲ್ ಬಾಕ್ಸಿನ ಮೈಮೇಲೆ ಇಳಿದು ಬಂದು ಶಾಫ್ಟಿನ ತುದಿಗೆ ಸಿಕ್ಕಿಸಿದ ತೋಳು, ಅಂದರೆ ಡ್ರಾಪ್ ಆರ್ಮಿನಿಂದಲೇ ತೊಟ್ಟಿಕ್ಕುತ್ತದೆ. ಅಡಿಯಲ್ಲಿ ಮಲಗಿ ನೋಡಿದವರಿಗೆ ಕೆಳಗಿನ ಸೀಲ್ ಹೋದ ಹಾಗೇ ಕಾಣುತ್ತದೆ. ನಮ್ಮ ಕಡೆ ಇನ್ನೊಂದು ತಾಪತ್ರಯ ಬೇರೆ: ಹೆಚ್ಚಿನ ಸ್ಟೇರಿಂಗ್ ಆಯಿಲ್ ಕೆಂಪು, ಮುರಕಲ್ಲಿನ ಹುಡಿಯೂ ಕೆಂಪು. ಎರಡೂ ಕಲಸಿ ಅಂಟಿಕೊಂಡ ಮೇಲೆ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಬಾಕ್ಸನ್ನು ಡೀಸೆಲ್ ಮತ್ತು ಬ್ರಷ್ ಹಾಕಿ ತೊಳೆಯಿರಿ. ಆಮೇಲೆ ಸೋಪು ನೀರು. ಪೂರ್ತಿ ಒಣಗಿದ ಮೇಲೆ ಸುತ್ತಲೂ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ನಗಬೇಡಿ, ನನ್ನ ಟೂಲ್ ಬಾಕ್ಸಿನಲ್ಲಿ ಈಗಲೂ ಒಂದು ಡಬ್ಬಿ ಇದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು, ಇಂಜಿನ್ ಚಾಲೂ ಮಾಡಿ, ಡ್ರೈವರಿಗೆ ಸ್ಟೇರಿಂಗ್ ಆಚೀಚೆ ತಿರುಗಿಸಲು ಹೇಳಿ. ಬಿಳಿ ಪೌಡರಿನಲ್ಲಿ ಕೆಂಪು ಗೆರೆ ಎಲ್ಲಿ ಶುರುವಾಗುತ್ತದೋ ಸೋರಿಕೆ ಅಲ್ಲಿ. ಹೋಸಿನ ಹತ್ತಿರ ಬೆರಳಿಟ್ಟು ಹುಡುಕಬೇಡಿ. ತಿರುಗಿಸುವಾಗ ಅದರಲ್ಲಿ 100 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಹೆಚ್ಚು ಒತ್ತಡ ಬರಬಹುದು. ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಗೆರೆ ಮೇಲಿನಿಂದ ಬಂದರೆ ನಿಮ್ಮ ಅದೃಷ್ಟ. ಮೇಲಿನ ಸೀಲೋ, ಜಾಯಿಂಟಿನ ವಾಷರೋ ಬದಲಿಸಿದರೆ ಕೆಲಸ ಮುಗಿಯಬಹುದು.

ಕೆಳಗಿನದ್ದೇ ಆದರೆ ಅಲ್ಲಿಯೇ ಇನ್ನೊಂದು ಪರೀಕ್ಷೆ ಮಾಡಿ. ಡ್ರೈವರ್ ಸ್ಟೇರಿಂಗನ್ನು ಗಿಡ್ಡಗಿಡ್ಡ ಆಡಿಸಲಿ. ನೀವು ಟಾರ್ಚ್ ಹಿಡಿದು, ಶಾಫ್ಟ್ ಬಾಕ್ಸಿನಿಂದ ಹೊರಗೆ ಬರುವ ಜಾಗವನ್ನೇ ನೋಡಿ. ಶಾಫ್ಟ್ ತಿರುಗಬೇಕು, ಅಷ್ಟೇ. ತಿರುಗುವ ಮೊದಲು ಒಂದು ಕೂದಲೆಳೆಯಷ್ಟು ಬದಿಗೆ ಸರಿದರೆ, ಒಟ್ಟಿಗೇ ಆಯಿಲ್ ಒಸರಿದರೆ, ಒಳಗಿನ ಬೇರಿಂಗ್ ಅಥವಾ ಬುಷ್ ಸವೆದಿದೆ. ಅಂಥ ಶಾಫ್ಟಿಗೆ ಎಷ್ಟು ಸೀಲ್ ಹಾಕಿದರೂ ದುಡ್ಡು ದಂಡ. ಒಮ್ಮೆ ನಾನೇ ಒಂದು ಲಾರಿಗೆ ಮೂರು ಸೀಲ್ ಹಾಕಿ, ನಾಲ್ಕನೆಯದಕ್ಕೆ ಓನರ್ ಬೈದ ಮೇಲೆ ಬೇರಿಂಗ್ ನೋಡಿದವನು.

ಬೇರಿಂಗ್ ಗಟ್ಟಿ ಇದೆ ಅಂತಾದರೆ ಶಾಫ್ಟಿನ ಮೈ ನೋಡಿ. ಸೀಲ್ ಬಿಚ್ಚಿದಾಗ, ಅದರ ತುಟಿ ಕೂರುವ ಜಾಗದಲ್ಲಿ ಉಗುರು ಆಡಿಸಿ. ಉಗುರು ತಡೆದರೆ ಅಲ್ಲಿ ಗೆರೆ ಬಿದ್ದಿದೆ, ಇಲ್ಲವೇ ತುಕ್ಕು ತಿಂದ ಗುಳಿ ಇದೆ. ನಿಮ್ಮ ಲಾರಿಯಲ್ಲಿ ನನಗೆ ಇದರ ಮೇಲೆಯೇ ಸಂಶಯ ಜಾಸ್ತಿ. ಸೀಲಿನ ಹೊರಗೆ ಒಂದು ಸಣ್ಣ ರಬ್ಬರ್ ಟೊಪ್ಪಿ ಇರುತ್ತದೆ, ಧೂಳು ತಡೆಯಲಿಕ್ಕೆ. ಹಳೆ ಲಾರಿಗಳಲ್ಲಿ ಅದು ಹರಿದಿರುತ್ತದೆ, ಇಲ್ಲ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ಕಲ್ಲುಕೋರೆಯ ಕೆಸರು ಅಲ್ಲಿ ಸೇರಿ, ಒಣಗಿ, ಸೀಲಿನ ತುಟಿಗೆ ಎಮೆರಿ ಪೇಪರ್ ಉಜ್ಜಿದ ಹಾಗೆ ಉಜ್ಜುತ್ತದೆ. ಮಳೆಗಾಲದಲ್ಲಿ ಕೋರೆ ನಿಂತು ಲಾರಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತರಂತೂ ಶಾಫ್ಟಿಗೆ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆ ನಿಮಗೆ ನಾನು ಹೇಳಬೇಕಾ!

ಸ್ವಲ್ಪ ಕಲೆ ಮಾತ್ರ ಇದ್ದರೆ ತೀರಾ ನುಣುಪಾದ ಎಮೆರಿಯಲ್ಲಿ ಶಾಫ್ಟಿನ ಸುತ್ತಲೂ ಉಜ್ಜಬಹುದು, ಉದ್ದಕ್ಕೆ ಬೇಡ. ಗೆರೆ ಆಳವಾಗಿದ್ದರೆ ಶಾಫ್ಟ್ ಬದಲಿಸಬೇಕು, ಇಲ್ಲವೇ ಆ ಜಾಗಕ್ಕೆ ತೆಳು ಸ್ಲೀವ್ (ಲೋಹದ ಬಳೆ) ಕೂರಿಸುವ ನುರಿತವರನ್ನು ಹುಡುಕಬೇಕು. ವೆಲ್ಡಿಂಗ್ ತುಂಬಿ ಲೇತಿನಲ್ಲಿ ತಿರುಗಿಸಿ ಕೊಡುತ್ತೇನೆ ಅಂದರೆ ಕೈಮುಗಿದು ಬನ್ನಿ. ಬಿಸಿ ತಾಗಿದ ಶಾಫ್ಟ್ ಒಂದು ದಿನ ಮುರಿದರೆ ಚಕ್ರಕ್ಕೂ ಸ್ಟೇರಿಂಗಿಗೂ ಸಂಬಂಧವೇ ಇರುವುದಿಲ್ಲ.

ಸೀಲ್ ತರುವಾಗ ಅಳತೆ ಮಾತ್ರ ಹೇಳಬೇಡಿ. ಅದೇ ಅಳತೆಯ ಸಾದಾ ಆಯಿಲ್ ಸೀಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದು ಒತ್ತಡ ತಡೆಯುವ ಸೀಲ್ ಅಲ್ಲ. ಬಾಕ್ಸಿನ ಮೇಲೆ ಸಣ್ಣ ತಗಡಿನಲ್ಲಿರುವ ನಂಬರಿನ ಫೋಟೋ ತೆಗೆದುಕೊಂಡು ಹೋಗಿ. ಆ ಬಾಕ್ಸಿನದ್ದೇ ಸೀಲ್ ಕಿಟ್ ತನ್ನಿ.

ಡ್ರಾಪ್ ಆರ್ಮ್ ಬಿಚ್ಚುವ ಮೊದಲು ಶಾಫ್ಟಿಗೂ ಆರ್ಮಿಗೂ ಒಂದೇ ಸಾಲಿನಲ್ಲಿ ಗುರುತು ಹಾಕಿಸಿ. ಪುಲ್ಲರ್ (ಎಳೆದು ತೆಗೆಯುವ ಟೂಲ್) ಹಾಕಿಯೇ ತೆಗೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಆ ಪೆಟ್ಟು ನೇರ ಒಳಗಿನ ಬೇರಿಂಗಿಗೆ. ಹೊಸ ಸೀಲ್ ತೂರಿಸುವಾಗ ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ ಆಯಿಲ್ ಸವರಲಿ. ಇಲ್ಲದಿದ್ದರೆ ತುಟಿ ಅಲ್ಲೇ ಹರಿಯುತ್ತದೆ. ಇನ್ನು ಆ ರಬ್ಬರ್ ಟೊಪ್ಪಿ, ಅದನ್ನು ಮಾತ್ರ ಎದುರು ನಿಂತು ಹಾಕಿಸಿ.

ಬಾಕ್ಸ್ ಬದಲಿಸುವ ಮಾತಿಗೆ ಬಂದರೆ, ಬೇರಿಂಗ್ ಕೂರುವ ಗೂಡೇ ಸವೆದಿದ್ದರೆ, ಮೈ ಬಿರುಕು ಬಿಟ್ಟಿದ್ದರೆ, ಒಳಗಿನ ಹಲ್ಲು ತಿಂದುಹೋಗಿದ್ದರೆ ಗ್ಯಾರೇಜಿನವರು ಹೇಳಿದ್ದು ಸರಿ. ಇದು ಯಾವುದೂ ಇಲ್ಲದಿದ್ದರೆ ಪವರ್ ಸ್ಟೇರಿಂಗ್ ಕೆಲಸವನ್ನೇ ಮಾಡುವವರಲ್ಲಿ ಕೊಟ್ಟು ಬೇರಿಂಗ್, ಪೂರ್ತಿ ಕಿಟ್ ಹಾಕಿಸಿ.

ಕೊನೆಗೆ ಗಾಳಿ ತೆಗೆಯುವುದು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಬಂದ್ ಇರುವಾಗಲೇ ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿ, ಟ್ಯಾಂಕಿಗೆ ಆಯಿಲ್ ಸೇರಿಸುತ್ತಾ. ಆಮೇಲೆ ಚಾಲೂ ಮಾಡಿ ನಿಧಾನ ತಿರುಗಿಸಿ. ನೊರೆ ನಿಲ್ಲಬೇಕು. ಡ್ರೈವರಿಗೂ ಒಂದು ಮಾತು ಹೇಳಿ: ತೋಟದೊಳಗೆ ಲಾರಿ ತಿರುಗಿಸುವಾಗ ಸ್ಟೇರಿಂಗನ್ನು ಕೊನೆ ಮುಟ್ಟಿಸಿ ಹಾಗೇ ಒತ್ತಿ ಹಿಡಿಯುವುದು ಬೇಡ. ಆಗಲೇ ಒತ್ತಡವೂ ಬಿಸಿಯೂ ಜಾಸ್ತಿ.

ಪ್ರಶ್ನೆ: ದಾರಿಯಲ್ಲಿ ಸ್ಟೇರಿಂಗ್ ಆಯಿಲ್ ಖಾಲಿಯಾದರೆ ಸ್ಟೇರಿಂಗ್ ಜಾಮ್ ಆಗುತ್ತದಾ? ಸದ್ಯಕ್ಕೆ ಬ್ರೇಕ್ ಆಯಿಲ್ ಹಾಕಿ ಓಡಿಸಬಹುದಾ?
– ಓದುಗರು, ಉಪ್ಪಳ

ಉತ್ತರ: ಆಯಿಲ್ ಖಾಲಿಯಾಯಿತು ಅಂತ ಜಾಮ್ ಆಗುವುದಿಲ್ಲ. ಒಳಗೆ ಗೇರಿನ ಸಂಪರ್ಕ ಇದ್ದೇ ಇರುತ್ತದೆ. ಆದರೆ ಲೋಡ್ ಇರುವ ಲಾರಿಯನ್ನು ತಿರುಗಿಸಲು ಮೈಯ ಬಲವೆಲ್ಲ ಬೇಕು, ತಿರುವಿನಲ್ಲಿ ಅದು ಅಪಾಯ. ಒಣ ಓಡಿದರೆ ಪಂಪೂ ಹೋಗುತ್ತದೆ. ಬದಿಗೆ ನಿಲ್ಲಿಸಿ ಆಯಿಲ್ ತರಿಸಿ.

ಬ್ರೇಕ್ ಆಯಿಲ್ ಮಾತ್ರ ಒಂದು ಹನಿಯೂ ಬೇಡ. ಈ ಸೀಲುಗಳ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಹಾಕಿಯಾಗಿದ್ದರೆ ಪೂರ್ತಿ ಇಳಿಸಿ, ತೊಳೆಸಿ, ಸೀಲುಗಳನ್ನೆಲ್ಲ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಸೋರಿಕೆ ನಿಲ್ಲಿಸುವ ಔಷಧಿ ಅಂತ ಬಾಟಲಿಯಲ್ಲಿ ಬರುವುದನ್ನೂ ನಾನು ಹಾಕುವುದಿಲ್ಲ. ಯಾವ ಆಯಿಲ್ ಅನ್ನುವುದು ಲಾರಿಯ ಪುಸ್ತಕದಲ್ಲಿದೆ. ಅದರದ್ದೇ ಒಂದು ಲೀಟರ್ ಡಬ್ಬಿ ಸೀಟಿನಡಿ ಇರಲಿ.