ಹಳೆಯ ಹಾಯಿದೋಣಿಯಲ್ಲಿ ಗ್ಯಾಸ್ ಸಿಲಿಂಡರ್ ಎಲ್ಲಿಡುವುದು?

ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ತೆರೆದ ಜಾಗ) ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ, ಹಗ್ಗ-ಲಂಗರಿನ ಜೊತೆಗೇ ಸಿಲಿಂಡರ್ ಇಡಬಹುದೇ ಎಂದು ಕೇಳಿದ್ದೀರಿ. ಈಗಿರುವ ಹಾಗೆ ಬೇಡವೇ ಬೇಡ. ಹಳೆಯ ದೋಣಿಗಳಲ್ಲಿ ಆ ಪೆಟ್ಟಿಗೆಯ ತಳ ಎಷ್ಟೋ ಸಲ ನೇರ ಬಿಲ್ಜ್‌ಗೆ, ಅಂದರೆ ದೋಣಿಯ ತೀರ ತಳದ ಟೊಳ್ಳಿಗೆ, ತೆರೆದಿರುತ್ತದೆ. ಸಿಲಿಂಡರಿನ ಗ್ಯಾಸಿನಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು 1.5 ಪಟ್ಟು, ಬ್ಯುಟೇನ್ 2 ಪಟ್ಟು ಭಾರ. ಸೋರಿದ್ದು ನೀರಿನಂತೆ ಇಳಿದು ತಳದಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇ. 2ರ ಆಸುಪಾಸಿಗೆ ಬಂದರೆ ಒಂದು ಸ್ವಿಚ್ಚಿನ ಕಿಡಿಯೇ ಸಾಕು.

ಸಿಲಿಂಡರಿಗೇ ಮೀಸಲಾದ, ಮೇಲಿನಿಂದ ಮಾತ್ರ ತೆರೆಯುವ, ದೋಣಿಯ ಒಳಭಾಗಕ್ಕೆ ಸ್ವಲ್ಪವೂ ಗಾಳಿಯಾಡದ ಪೆಟ್ಟಿಗೆ ಮಾಡಿಸಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಪಟ್ಟಿಯಿಂದ ಬಿಗಿದಿರಲಿ. ಪೆಟ್ಟಿಗೆಯ ತಳದಿಂದ 19 ಮಿ.ಮೀ. ಒಳವ್ಯಾಸದ ಕೊಳವೆ ಹೊರಟು, ನೀರಿನ ಮಟ್ಟಕ್ಕಿಂತ ಮೇಲೆ, ಕಿಟಕಿ-ಬಾಗಿಲುಗಳಿಂದ ದೂರದಲ್ಲಿ ಹೊರಗೆ ತೆರೆಯಬೇಕು. ಹೆಚ್ಚಾಗಿ ಎಡವುವುದು ಇಲ್ಲೇ: ಕೊಳವೆ ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ಗ್ಯಾಸಿಗೆ ಬಿರಡೆ ಹಾಕಿದಂತಾಗುತ್ತದೆ. ಒಂದು ಚೊಂಬು ನೀರು ಸುರಿಯಿರಿ. ಅಷ್ಟೂ ಹೊರಬಂತೇ ನೋಡಿ.

ರೆಗ್ಯುಲೇಟರ್, ಪ್ರೆಶರ್ ಗೇಜ್, ಸೊಲೆನಾಯ್ಡ್ ವಾಲ್ವ್ (ವಿದ್ಯುತ್ ಸ್ವಿಚ್ಚಿನಿಂದ ಗ್ಯಾಸ್ ಬಿಡುವ, ತಡೆಯುವ ವಾಲ್ವ್) ಪೆಟ್ಟಿಗೆಯೊಳಗೇ ಇರಲಿ. ಅಲ್ಲಿಂದ ಒಲೆಯವರೆಗೆ ನಡುವೆ ಜೋಡಣೆಯಿಲ್ಲದ ಒಂದೇ ಹೋಸ್. ಅದು ಗೋಡೆ ದಾಟುವ ತೂತನ್ನು ಗಾಳಿಯಾಡದಂತೆ ಸೀಲ್ ಮಾಡಿ. ಮಡಿಸಿದಾಗ ಬಿರುಕು ಕಂಡರೆ ಆ ಹೋಸನ್ನು ಎಸೆಯಿರಿ.

ಸೋರಿಕೆ ಪರೀಕ್ಷೆಗೆ ಬರ್ನರ್‌ಗಳನ್ನು ಆಫ್ ಮಾಡಿ, ಸೊಲೆನಾಯ್ಡ್ ಆನ್ ಇಟ್ಟು, ಸಿಲಿಂಡರ್ ವಾಲ್ವ್ ತೆರೆದು ಗೇಜಿನ ಮುಳ್ಳು ಎಲ್ಲಿದೆ ಎಂದು ಗುರುತು ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ. 15 ನಿಮಿಷದಲ್ಲಿ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಸೊಲೆನಾಯ್ಡ್ ಆಫ್ ಇದ್ದರೆ ಅದರಾಚೆಯ ಸೋರಿಕೆ ಗೇಜಿಗೆ ತಿಳಿಯುವುದೇ ಇಲ್ಲ. ಜಾಗ ಹುಡುಕಲು ಅಮೋನಿಯಾ ಇಲ್ಲದ ಸೋಪಿನ ನೊರೆ ಹಚ್ಚಿ.